ಪಾಠ ಬಸುರಿಗೆ ಮಾತ್ರ ಯಾಕೆ?



ಆಸ್ಪತ್ರೆಯೊಂದರ ಬಸುರಿಯರ ಸಾಲಿನಲ್ಲಿ ನಡೆದ ಮಾತು ಇದು. ನಮ್ಮ ಸಂಘದ ಸದಸ್ಯೆಯೊಬ್ಬರ ಸೊಸೆಯ ಜೊತೆ ನಾನೂ ಹೋಗಿದ್ದೆ. ಹುಡುಗಿಗೆ ಇಪ್ಪತ್ತು ವರ್ಷ, ಆರು ತಿಂಗಳ ಬಸುರಿ. ತಾಯಿ ಕಾರ್ಡಿನಲ್ಲಿ ರಕ್ತದ ಲೆಕ್ಕ 7.4 ಅಂತ ಬರೆದಿತ್ತು. ಹಿಂದಿನ ತಿಂಗಳು 7.8 ಇತ್ತು. ಡಾಕ್ಟರು ಕಾರ್ಡು ನೋಡಿದವರೇ ಗದರಿದರು. “ಎಷ್ಟು ಸಲ ಹೇಳಬೇಕಮ್ಮ ನಿನಗೆ? ಸೊಪ್ಪು ತಿನ್ನು, ಕಾಳು ತಿನ್ನು, ಮೊಟ್ಟೆ ತಿನ್ನು ಅಂದರೆ ತಲೆಗೇ ಹೋಗಲ್ವಾ?” ಹುಡುಗಿ ತಲೆ ತಗ್ಗಿಸಿ ನಿಂತಳು. ಸಾಲಿನಲ್ಲಿದ್ದವರೆಲ್ಲ ಕಳ್ಳತನ ಮಾಡಿ ಸಿಕ್ಕಿಬಿದ್ದವಳನ್ನು ನೋಡುವ ಹಾಗೆ ಅವಳನ್ನು ನೋಡಿದರು.

ಹೊರಗೆ ಬಂದು ಮರದ ಕೆಳಗೆ ಕೂತಾಗ ಕೇಳಿದೆ, ನಿನ್ನೆ ಏನೇನು ತಿಂದೆ ಮಗಳೇ ಅಂತ. 

“ಬೆಳಿಗ್ಗೆ ಟೀ ಕುಡಿದೆ. ಹತ್ತು ಗಂಟೆಗೆ ಎಲ್ಲರದ್ದೂ ಆದ ಮೇಲೆ ಅರ್ಧ ಮುದ್ದೆ. ಮಧ್ಯಾಹ್ನ ಹೊಲದಲ್ಲಿ ಇನ್ನೊಂದು ಟೀ, ಒಂದು ಹಿಡಿ ಪುರಿ. ರಾತ್ರಿ ಅನ್ನ, ಸಾರು.”

“ಮನೆಯಲ್ಲಿ ಸೊಪ್ಪು ಮಾಡಿರಲಿಲ್ವಾ?”

“ನಾನೇ ಮಾಡಿದ್ದೆ ಅಕ್ಕ. ದಂಟಿನ ಸೊಪ್ಪು, ಅವರೆಕಾಳು ಹಾಕಿ ಬಸ್ಸಾರು. ಪಲ್ಯ ಅವರ ತಟ್ಟೆಗೆ ಹೋಯ್ತು. ನನ್ನ ಪಾಲಿಗೆ ಬಸಿದ ನೀರಿನ ಸಾರು ಉಳೀತು.”

ಈ ಹುಡುಗಿಗೆ ಏನು ಪಾಠ ಹೇಳುತ್ತೀರಿ? ಸೊಪ್ಪಿನಲ್ಲಿ ಸತ್ವ ಇದೆ ಎಂದು ಅವಳಿಗೆ ಗೊತ್ತಿಲ್ಲವೇ? ಆ ಸೊಪ್ಪು ಕಿತ್ತವಳು ಅವಳು, ಸೋಸಿದವಳು ಅವಳು, ಬೇಯಿಸಿ ಬಸಿದವಳು ಅವಳು, ಬಡಿಸಿದವಳೂ ಅವಳೇ. ತನ್ನ ತಟ್ಟೆಗೆ ಒಂದು ಸೌಟು ಪಲ್ಯ ಹಾಕಿಕೊಳ್ಳುವ ಹಕ್ಕೊಂದು ಅವಳಿಗಿಲ್ಲ. ಅದನ್ನು ಯಾವ ಡಾಕ್ಟರೂ ಕಾರ್ಡಿನಲ್ಲಿ ಬರೆಯುವುದಿಲ್ಲ.

ಐವತ್ತು ವರ್ಷದ ಪಾಠ

ನಮ್ಮ ಸರ್ಕಾರ ಬಸುರಿಯರಿಗೆ ಕಬ್ಬಿಣದ ಗುಳಿಗೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ್ದು 1970ರಲ್ಲಿ. 1991ರಲ್ಲಿ ಅದಕ್ಕೆ ಹೊಸ ಹೆಸರು ಬಂತು. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಎಂಬ ಇನ್ನೊಂದು ಹೆಸರು ಬಂತು. ಅಂದಿನಿಂದ ಇಂದಿನವರೆಗೆ ಅಂಗನವಾಡಿ ಗೋಡೆಯ ಮೇಲೆ ಅದೇ ಚಿತ್ರ. ಒಂದು ಬುಟ್ಟಿ ಹಣ್ಣು, ಒಂದು ಲೋಟ ಹಾಲು, ಒಂದು ಕಟ್ಟು ಸೊಪ್ಪು, ಪಕ್ಕದಲ್ಲಿ ನಗುತ್ತಿರುವ ಬಸುರಿ.

ಫಲ ಏನಾಯಿತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. 2015-16ರಲ್ಲಿ ಭಾರತದ ಬಸುರಿಯರಲ್ಲಿ ನೂರಕ್ಕೆ 50.4 ಮಂದಿಗೆ ರಕ್ತಹೀನತೆ ಇತ್ತು. 2019-21ರ ಹೊತ್ತಿಗೆ ಅದು 52.2 ಆಯಿತು. ನಮ್ಮ ಕರ್ನಾಟಕದಲ್ಲಿ 45.4 ಇದ್ದದ್ದು 45.7. ಇಳಿಯುವುದಿರಲಿ, ಒಂದು ಕೂದಲೆಳೆ ಏರಿದೆ. ದೇಶದಲ್ಲಿ 180 ದಿನ ಪೂರ್ತಿ ಗುಳಿಗೆ ತಿಂದ ತಾಯಂದಿರು ನೂರಕ್ಕೆ 26 ಮಂದಿ ಮಾತ್ರ.

ಐವತ್ತು ವರ್ಷ ಪಾಠ ಹೇಳಿಯೂ ಅರ್ಧ ತರಗತಿ ಫೇಲಾದರೆ ಮಕ್ಕಳನ್ನೇ ಬೈಯುತ್ತಾ ಕೂರುವ ಮೇಷ್ಟ್ರನ್ನು ಏನೆನ್ನಬೇಕು? ಪಾಠ ತಪ್ಪಿರಬಹುದು ಅಥವಾ ಪಾಠ ಕೇಳಬೇಕಾದವರು ತರಗತಿಗೇ ಬಂದಿಲ್ಲದಿರಬಹುದು ಎಂದು ಒಮ್ಮೆಯಾದರೂ ಯೋಚಿಸಬೇಡವೇ?

ನಾನು ಹೇಳುವುದು ಇಷ್ಟೇ. ಈ ಪಾಠ ಕೇಳಬೇಕಾದವರಲ್ಲಿ ಬಸುರಿ ಕೊನೆಯವಳು. ಅವಳ ಗಂಡ, ಮಾವ, ಅತ್ತೆ, ಕುಬುಸ ಮಾಡುವ ತವರಿನವರು, ಅವಳಿಗೆ ಅರ್ಧ ಕೂಲಿ ಕೊಡುವ ಹೊಲದ ಯಜಮಾನ, ಕೊನೆಗೆ ನಾವು, ಅಂದರೆ ಸಂಘದವರು, ಎಲ್ಲರೂ ಅವಳಿಗಿಂತ ಮುಂದಿನ ಸಾಲಿನಲ್ಲಿ ಕೂರಬೇಕು.

ಬಡತನವೇ ಕಾರಣವೇ?

“ಇದಕ್ಕೆಲ್ಲ ಬಡತನ ಕಾರಣ. ಅತ್ತೆ ಗಂಡನನ್ನು ಯಾಕೆ ಎಳೆಯುತ್ತೀರಿ?” ಎಂದು ಕೇಳುವವರಿದ್ದಾರೆ. ಬಡತನ ಇದೆ, ಯಾರು ಇಲ್ಲ ಅಂದರು? ಕೂಲಿ ಮಾಡುವ ಮನೆಯಲ್ಲಿ ಬೇಳೆ ಕೊಳ್ಳುವುದೇ ಕಷ್ಟ, ಮಾಂಸ ಮೊಟ್ಟೆಯ ಮಾತು ದೂರ. ಆದರೆ ಬಡತನ ಮನೆಗೆಲ್ಲ ಒಂದೇ ತಾನೆ? ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ 19.6. ಒಂದೇ ಸೂರು, ಒಂದೇ ಒಲೆ, ಒಂದೇ ಪಾತ್ರೆ.

ಇದರಲ್ಲಿ ಒಂದು ಪಾಲು ಪ್ರಕೃತಿಯದ್ದು, ಅದನ್ನು ಮುಚ್ಚಿಡಬಾರದು. ತಿಂಗಳು ತಿಂಗಳು ಮುಟ್ಟಿನಲ್ಲಿ ನಮ್ಮ ರಕ್ತ ಹೋಗುತ್ತದೆ. ಒಂದು ಬಸುರು ತುಂಬಿ ಹೆರಿಗೆ ಆಗುವ ಹೊತ್ತಿಗೆ ತಾಯಿಯ ದೇಹಕ್ಕೆ ಸುಮಾರು 1000 ಮಿಲಿಗ್ರಾಂ ಕಬ್ಬಿಣಾಂಶ ಹೆಚ್ಚಿಗೆ ಬೇಕು. ಮಗುವಿಗೆ, ಮಾಸಿಗೆ, ಹೆಚ್ಚಾಗುವ ರಕ್ತಕ್ಕೆ, ಹೆರಿಗೆಯಲ್ಲಿ ಹರಿದು ಹೋಗುವ ರಕ್ತಕ್ಕೆ ಅಷ್ಟು ಬೇಕೇ ಬೇಕು. ಸರಿ, ಪ್ರಕೃತಿ ನಮಗೆ ಹೆಚ್ಚು ಬೇಕು ಎಂದಿತು. ಹಾಗಾದರೆ ನಮ್ಮ ತಟ್ಟೆಗೆ ಹೆಚ್ಚು ಬೀಳಬೇಕಲ್ಲವೇ? ಹೆಚ್ಚು ಬೇಕಾದವಳಿಗೇ ಕಡಿಮೆ ಬಡಿಸು ಎಂದು ಯಾವ ಪ್ರಕೃತಿಯೂ ಹೇಳಿಲ್ಲ. ಅದು ಮನೆ ಮಾಡಿದ ಕಾನೂನು.

ಮನೆಯ ಕಾನೂನು

ಆ ಕಾನೂನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ಪ್ರತಿ ಸೊಸೆಗೂ ಬಾಯಿಪಾಠ.

ಗಂಡಸರು ಮೊದಲು, ಮಕ್ಕಳು ಆಮೇಲೆ, ಅತ್ತೆ ಮಾವ ಆದ ಮೇಲೆ ಸೊಸೆ. ಉಳಿದರೆ ಉಂಟು, ಇಲ್ಲದಿದ್ದರೆ ಟೀ. ಆ ಟೀ ಕೂಡ ಶತ್ರು. ಊಟದ ಜೊತೆ ಕುಡಿದ ಟೀ ತಿಂದ ಸೊಪ್ಪು ಕಾಳಿನ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಸಿವು ಮುಚ್ಚಲು ಕುಡಿದದ್ದು ಇದ್ದದ್ದನ್ನೂ ಕಸಿಯುತ್ತದೆ.

ಹೆಚ್ಚು ತಿನ್ನಬೇಡ, ಮಗು ದಪ್ಪ ಆದರೆ ಹೆರಿಗೆ ಕಷ್ಟ. ಈ ಮಾತು ಕೇಳದ ಬಸುರಿ ಯಾವ ಊರಲ್ಲಿದ್ದಾಳೆ? ಹೆರಿಗೆಯ ಭಯವನ್ನೇ ಬಳಸಿ ಅನ್ನ ಕಡಿಮೆ ಮಾಡುವ ಉಪಾಯ ಇದು. ಮೈಯಲ್ಲಿ ರಕ್ತವಿಲ್ಲದ ತಾಯಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗು ಕಡಿಮೆ ತೂಕದ್ದಾಗುವ ಅಪಾಯ ಹೆಚ್ಚು. ಆ ಮಗುವೂ ರಕ್ತದ ಸಾಲ ಹೊತ್ತೇ ಹುಟ್ಟುತ್ತದೆ.

ಗುಳಿಗೆ ತಿಂದರೆ ಮಗು ಕಪ್ಪಾಗುತ್ತದೆ. ಇದು ಶುದ್ಧ ಸುಳ್ಳು. ಗುಳಿಗೆ ತಿಂದಾಗ ಮಲ ಕಪ್ಪಾಗುತ್ತದೆ, ಅಷ್ಟೇ. ಅದರಿಂದ ಯಾವ ತೊಂದರೆಯೂ ಇಲ್ಲ. ಮಗುವಿನ ಬಣ್ಣಕ್ಕೂ ಗುಳಿಗೆಗೂ ಸಂಬಂಧವಿಲ್ಲ. ಆದರೆ ಈ ಸುಳ್ಳಿನ ಬೇರು ಎಲ್ಲಿದೆ ಗೊತ್ತೇ? ಹೆಣ್ಣು ಕಪ್ಪಗೆ ಹುಟ್ಟಿದರೆ ವರದಕ್ಷಿಣೆ ಜಾಸ್ತಿ ಎಂಬ ಭಯದಲ್ಲಿದೆ. ಇನ್ನೂ ಹುಟ್ಟದ ಮಗಳ ಮದುವೆಯ ಲೆಕ್ಕಕ್ಕೆ ಹೆದರಿ ತಾಯಿ ತನ್ನ ಗುಳಿಗೆಯನ್ನು ಮೋರಿಗೆ ಎಸೆಯುತ್ತಾಳೆ.

ಇನ್ನು ಎಲ್ಲಕ್ಕಿಂತ ದೊಡ್ಡದು: ಚೊಚ್ಚಲ ಹೆರಿಗೆ ತವರಿನ ಖರ್ಚು. ಇದನ್ನು ನಾವು ಪ್ರೀತಿಯ ಸಂಪ್ರದಾಯ ಅಂದುಕೊಂಡಿದ್ದೇವೆ. ತಾಯಿಯ ಮಡಿಲಲ್ಲಿ ಮಗಳು ಹೆರುವುದು ಒಳ್ಳೆಯದೇ. ಆದರೆ ಅದರ ಇನ್ನೊಂದು ಮುಖ ನೋಡಿ. ‘ಹೇಗಿದ್ದರೂ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ, ಅವರೇ ನೋಡಿಕೊಳ್ಳಲಿ’ ಎಂದು ಗಂಡನ ಮನೆ ಆರು ತಿಂಗಳು ಕೈ ಕಟ್ಟಿ ಕೂರುತ್ತದೆ. ತವರಿನವರೋ ಅವಳ ಮದುವೆಗೆ ಮಾಡಿದ ಸಾಲದ ಬಡ್ಡಿಯನ್ನೇ ಕಟ್ಟುತ್ತಿರುತ್ತಾರೆ. ಆಮೇಲೆ ಕುಬುಸದ ಖರ್ಚು, ಬೀಗರಿಗೆ ಸೀರೆ ಪಂಚೆ, ಊರವರಿಗೆ ಊಟ. ಆ ಒಂದು ದಿನ ಹುಡುಗಿಯ ಮುಂದೆ ಐದು ಬಗೆ ಸಿಹಿ, ಐದು ಬಗೆ ಚಿತ್ರಾನ್ನ. ಹಸಿರು ಬಳೆ, ಮುಡಿ ತುಂಬ ಹೂವು. ಮಾರನೇ ದಿನದಿಂದ ಮತ್ತೆ ಅದೇ ತಿಳಿ ಸಾರು. ವರದಕ್ಷಿಣೆ ಕೊಟ್ಟು ಬರಿದಾದ ತವರು ಮಗಳಿಗೆ ದಿನಕ್ಕೊಂದು ಮೊಟ್ಟೆ ಎಲ್ಲಿಂದ ತಂದೀತು?

ಊರು ಬದಲಾದಾಗ ಆಶಾ ಬದಲಾಗುತ್ತಾಳೆ, ಆಸ್ಪತ್ರೆ ಬದಲಾಗುತ್ತದೆ. ತಾಯಿ ಕಾರ್ಡು ಗಂಡನ ಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ. ಎರಡು ಮನೆಯ ನಡುವೆ ಬಿದ್ದ ಹುಡುಗಿಯ ರಕ್ತ ಯಾರ ಲೆಕ್ಕಕ್ಕೂ ಬರುವುದಿಲ್ಲ.

ವರದಕ್ಷಿಣೆಗೆ ಬೆಂಕಿ, ಹಗ್ಗ, ವಿಷ ಮಾತ್ರ ಆಯುಧ ಅಂದುಕೊಂಡಿದ್ದೇವೆ. ಖಾಲಿ ತಟ್ಟೆಯೂ ಅದರ ಆಯುಧವೇ.

ಇದು ದೌರ್ಜನ್ಯವಲ್ಲದೆ ಮತ್ತೇನು?

ನಮ್ಮ ಚಳವಳಿಯ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳೋಣ. ಸೀಮೆಎಣ್ಣೆ ಸುರಿದಾಗ ನಾವು ಠಾಣೆಯ ಮುಂದೆ ಧರಣಿ ಕೂತೆವು. ಹೊಡೆತದ ಗುರುತು ಕಂಡಾಗ ಪಂಚಾಯ್ತಿ ಸೇರಿಸಿದೆವು. ಆದರೆ ರಕ್ತಹೀನತೆಯನ್ನು ಆರೋಗ್ಯ ಇಲಾಖೆಯ ಕೆಲಸವೆಂದು ನರ್ಸಮ್ಮನಿಗೆ ಬಿಟ್ಟುಬಿಟ್ಟೆವು.

ಕಾನೂನು ನಮಗಿಂತ ಮುಂದೆ ಹೋಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆಯುವುದನ್ನಷ್ಟೇ ಅದು ದೌರ್ಜನ್ಯ ಎನ್ನುವುದಿಲ್ಲ. ಹೆಣ್ಣಿನ ಆರೋಗ್ಯಕ್ಕೆ, ಜೀವಕ್ಕೆ ಅಪಾಯ ತರುವ ನಡತೆಯೂ ದೌರ್ಜನ್ಯ. ಅವಳಿಗೂ ಅವಳ ಮಕ್ಕಳಿಗೂ ಬೇಕಾದ ಹಣ, ಮನೆಯ ಅಗತ್ಯ ವಸ್ತುಗಳನ್ನು ಸಿಗದಂತೆ ಮಾಡುವುದು ಆರ್ಥಿಕ ದೌರ್ಜನ್ಯ. ಹಿಂದೆ 498ಎ ಎನ್ನುತ್ತಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿದೆ. ಬೇಕೆಂದೇ ಹೆಣ್ಣಿನ ಜೀವಕ್ಕೆ, ಆರೋಗ್ಯಕ್ಕೆ ಗಂಭೀರ ಅಪಾಯ ತರುವುದು ಅಲ್ಲಿಯೂ ಕ್ರೌರ್ಯವೇ.

ಕೇರಳದ ಕೊಲ್ಲಂ ಜಿಲ್ಲೆಯಲ್ಲಿ 2019ರಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳು ವರದಕ್ಷಿಣೆಯ ಕಾರಣಕ್ಕೆ ಗಂಡನ ಮನೆಯಲ್ಲಿ ಉಪವಾಸ ಬಿದ್ದು ಸತ್ತಳು. ಸತ್ತಾಗ ಅವಳ ತೂಕ ಬರೀ 20 ಕಿಲೋ ಆಸುಪಾಸು. 2025ರಲ್ಲಿ ಅಲ್ಲಿನ ನ್ಯಾಯಾಲಯ ಗಂಡ ಮತ್ತು ಅತ್ತೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅನ್ನ ಕೊಡದೆ ಕೊಲ್ಲಬಹುದು, ಅದು ಕೊಲೆಯೇ ಎಂದು ನ್ಯಾಯಾಲಯ ಒಪ್ಪಿದೆ. ಆ ಹೆಣ್ಣಿನ ಸಾವು ಕೋರ್ಟಿನವರೆಗೆ ಬಂತು. ಆದರೆ ದಿನಕ್ಕೆ ಅರ್ಧ ಮುದ್ದೆ ಕಡಿಮೆ ತಿಂದು, ಒಂಬತ್ತು ತಿಂಗಳು ಬಿಳಿಚಿಕೊಂಡು, ಹೆರಿಗೆಯ ರಾತ್ರಿ ರಕ್ತಸ್ರಾವ ತಡೆಯಲಾರದೆ ಹೋದವಳ ಸಾವು ಯಾವ ಕೋರ್ಟಿಗೆ ಬರುತ್ತದೆ?

ಸಾಮಾನ್ಯ ಹೆರಿಗೆಯಲ್ಲೂ ರಕ್ತ ಹೋಗುತ್ತದೆ. ಮೈ ತುಂಬ ರಕ್ತ ಇದ್ದವಳು ಅಷ್ಟನ್ನು ತಡೆದುಕೊಳ್ಳುತ್ತಾಳೆ. ಮೊದಲೇ ಬರಿದಾದವಳಿಗೆ ಅಷ್ಟೇ ರಕ್ತ ಹೋದರೂ ಪ್ರಾಣಕ್ಕೆ ಬರುತ್ತದೆ. ತಾಯಂದಿರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಈ ರಕ್ತಸ್ರಾವ. ಊರಿನವರು ‘ಪಾಪ, ಹೆರಿಗೆಯಲ್ಲಿ ತೀರಿಕೊಂಡಳು, ಅವಳ ಹಣೆಬರಹ’ ಎನ್ನುತ್ತಾರೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಸುಟ್ಟು ಸತ್ತರೆ ಪೊಲೀಸರು ಬರುತ್ತಾರೆ. ಹೆರಿಗೆಯಲ್ಲಿ ಸತ್ತರೆ ತಟ್ಟೆಯಲ್ಲಿ ಏನು ಬಿದ್ದಿತ್ತು ಎಂದು ಕೇಳಲು ಯಾರೂ ಬರುವುದಿಲ್ಲ. ವರ್ಷ ತುಂಬುವ ಮೊದಲೇ ಎರಡನೇ ಮದುವೆ, ಎರಡನೇ ವರದಕ್ಷಿಣೆ.

2019-21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದಾರೆ. ಗಂಡನ ಕೈಗೆ ಹೆದರುವವಳು ಅವನಿಗಿಂತ ಮೊದಲು ಉಣ್ಣುವ ಧೈರ್ಯ ಮಾಡುತ್ತಾಳೆಯೇ? ಆಸ್ಪತ್ರೆಗೆ ಹೋಗಲು ಹಣ ಕೇಳುತ್ತಾಳೆಯೇ? ಒಂದು ಬಸುರಿಗೂ ಇನ್ನೊಂದು ಬಸುರಿಗೂ ನಡುವೆ ಮೂರು ವರ್ಷ ಬಿಡಬೇಕು ಎಂದು ಹಾಸಿಗೆಯಲ್ಲಿ ಹೇಳುತ್ತಾಳೆಯೇ? ಗಂಡು ಹುಟ್ಟುವವರೆಗೂ ಹೆರುತ್ತಲೇ ಇರಬೇಕಾದವಳ ಮೈಯಲ್ಲಿ ರಕ್ತ ಹೇಗೆ ಕೂಡೀತು? ಇವನ್ನೆಲ್ಲ ಬಿಟ್ಟು ‘ಸೊಪ್ಪು ತಿನ್ನು’ ಎನ್ನುವುದು ಕಟ್ಟಿಹಾಕಿದ ಹಸುವಿಗೆ ಮೇಯಲು ಹೇಳಿದ ಹಾಗೆ.

ಹಾಗಾದರೆ ಪಾಠ ಬೇಡವೇ?

ಬೇಕು. ಚೆನ್ನಾಗಿಯೇ ಬೇಕು. ಗೊತ್ತಿರುವವಳನ್ನು ಹೆದರಿಸುವುದು ಕಷ್ಟ. ಆದರೆ ಮನೆಮಂದಿಯೆಲ್ಲ ಕಲಿಯಲಿ. ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಮನೆಗೆ ಹೋಗಿ ಗಂಡಸರಿಗೂ ಓದಿ ಹೇಳಿ.

ಲೆಕ್ಕ: ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಅಥವಾ ಹೆಚ್ಚು ಇರಬೇಕು. 10ರಿಂದ 10.9 ಇದ್ದರೆ ಸ್ವಲ್ಪ ಕಡಿಮೆ. 7ರಿಂದ 9.9 ಇದ್ದರೆ ಸಾಕಷ್ಟು ಕಡಿಮೆ. 7ಕ್ಕಿಂತ ಕೆಳಗೆ ಹೋದರೆ ಅಪಾಯ. ಈ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬೆರಳಿನಿಂದ ಒಂದು ಹನಿ ರಕ್ತ ಸಾಕು. ಪ್ರತಿ ತಪಾಸಣೆಯಲ್ಲೂ ಕೇಳಿ ಮಾಡಿಸಿ, ಅಂಕಿಯನ್ನು ಕಾರ್ಡಿನಲ್ಲಿ ಬರೆಸಿ.

ಕುರುಹು: ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಬಿಳಿಚಿಕೊಳ್ಳುವುದು. ನಾಲ್ಕು ಹೆಜ್ಜೆಗೆ ಏದುಸಿರು, ಎದೆ ಹೊಡೆದುಕೊಳ್ಳುವುದು, ತಲೆಸುತ್ತು. ಮಣ್ಣು, ಬೂದಿ, ಬಳಪ, ಹಸಿ ಅಕ್ಕಿ ತಿನ್ನಬೇಕೆನಿಸುವುದು. ಇದನ್ನು ‘ಬಸುರಿ ಬಯಕೆ’ ಎಂದು ನಗಬೇಡಿ. ಕಬ್ಬಿಣಾಂಶ ಕಡಿಮೆಯಾದಾಗ ಹೀಗೆ ಆಗುವುದುಂಟು. ಸೊಸೆ ‘ಸೋಮಾರಿ, ಸದಾ ಮಲಗುತ್ತಾಳೆ’ ಎಂದು ಬೈಯುವ ಮೊದಲು ಅವಳ ಕಣ್ಣಿನ ರೆಪ್ಪೆ ಮಡಿಸಿ ನೋಡಿ.

ಗುಳಿಗೆ: ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕೆಂಪು ಗುಳಿಗೆ, ಕಡಿಮೆಯೆಂದರೆ 180 ದಿನ. ಹೆರಿಗೆಯ ನಂತರ ಮತ್ತೆ 180 ದಿನ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತದೆ. ರಕ್ತ ಚೆನ್ನಾಗಿರುವವಳಿಗೂ ಇದು ಬೇಕು. ಬಸುರಿಗೆ ಬೇಕಾದಷ್ಟು ಕಬ್ಬಿಣಾಂಶ ನಮ್ಮ ಊಟ ಒಂದರಿಂದಲೇ ಸಿಗುವುದು ಕಷ್ಟ. ಕಡಿಮೆ ಇದ್ದವಳಿಗೆ ನರ್ಸಮ್ಮ ದಿನಕ್ಕೆ ಎರಡು ಹೇಳುತ್ತಾರೆ. ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ, ಸೀಬೆಹಣ್ಣಿನ ಜೊತೆ ತಿಂದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಟೀ, ಕಾಫಿ, ಹಾಲಿನ ಜೊತೆ ಬೇಡ. ಟೀಗೂ ಗುಳಿಗೆಗೂ ನಡುವೆ ಒಂದು ಗಂಟೆಯಾದರೂ ಇರಲಿ. ಕ್ಯಾಲ್ಸಿಯಂ ಗುಳಿಗೆಯನ್ನು ಬೇರೆ ಹೊತ್ತಿನಲ್ಲಿ ತಿನ್ನಿ. ಹೊಟ್ಟೆ ತೊಳಸಿದರೆ ಊಟ ಆದ ಮೇಲೆ, ರಾತ್ರಿ ಮಲಗುವ ಮುಂಚೆ ತಿನ್ನಿ. ಮಲಬದ್ಧತೆ ಆದರೆ ನೀರು ಹೆಚ್ಚು ಕುಡಿಯಿರಿ. ಗುಳಿಗೆ ಮಾತ್ರ ಬಿಡಬೇಡಿ.

ಹುಳು: ಬರಿಗಾಲಲ್ಲಿ ಹೊಲ ತಿಪ್ಪೆ ಓಡಾಡುವಾಗ ಕೊಕ್ಕೆ ಹುಳು ಅಂಗಾಲಿನಿಂದ ಮೈಗೆ ಸೇರುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಬಸುರಿಗೆ ನಾಲ್ಕನೇ ತಿಂಗಳಿನ ನಂತರ ಹುಳುವಿನ ಗುಳಿಗೆ ಒಂದು ಸಲ ಕೊಡುತ್ತಾರೆ, ಕೇಳಿ ಪಡೆಯಿರಿ. ಚಪ್ಪಲಿ ಹಾಕಿದ ಸೊಸೆಯನ್ನು ‘ಜಂಬದವಳು’ ಎನ್ನುವ ಬಾಯಿ ಮುಚ್ಚಿಸಿ.

ಯಾವಾಗ ಓಡಬೇಕು: ಒಂದು ತಿಂಗಳು ಸರಿಯಾಗಿ ಗುಳಿಗೆ ತಿಂದ ಮೇಲೂ ಲೆಕ್ಕ 1 ಗ್ರಾಂ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೇರೆ ಕಾರಣ ಇರಬಹುದು. ಎಲ್ಲ ರಕ್ತಹೀನತೆಯೂ ಕಬ್ಬಿಣಾಂಶದ್ದಲ್ಲ. 7ಕ್ಕಿಂತ ಕಡಿಮೆ ಇದ್ದರೆ ಮನೆಯಲ್ಲಿ ಗುಳಿಗೆ ತಿಂದುಕೊಂಡು ಕೂರುವ ಕಾಲ ಮುಗಿಯಿತು. ಆಸ್ಪತ್ರೆಯಲ್ಲಿ ನರದ ಮೂಲಕ ಕಬ್ಬಿಣಾಂಶ ಕೊಡುತ್ತಾರೆ. ಕೊನೆಯ ಮೂರು ತಿಂಗಳಲ್ಲಿ 7ಕ್ಕಿಂತ ಕಡಿಮೆ ಇದ್ದರೆ ಅಥವಾ ಯಾವಾಗಲೇ ಆಗಲಿ 5ಕ್ಕಿಂತ ಕಡಿಮೆ ಇದ್ದರೆ ಆ ದಿನವೇ ದಾಖಲಾಗಬೇಕು. ರಕ್ತ ಕೊಡಬೇಕಾಗಬಹುದು. ಆಗ ಹಿಂದೆ ಮುಂದೆ ನೋಡುವ ಗಂಡನನ್ನು ಸಂಘದ ಹತ್ತು ಹೆಂಗಸರು ಸೇರಿ ಆಸ್ಪತ್ರೆಗೆ ನಡೆಸಿಕೊಂಡು ಹೋಗಿ, ಅವನೂ ರಕ್ತ ಕೊಡಲಿ.

ಬಾಣಂತಿ: ಹೆತ್ತವಳಿಗೆ ಬರೀ ಅನ್ನ ಮೆಣಸಿನ ಸಾರು ಹಾಕಿ, ನೀರು ಸೊಪ್ಪು ಹಣ್ಣು ಎಲ್ಲ ನಿಲ್ಲಿಸುವ ಪಥ್ಯ ಹೋದ ರಕ್ತವನ್ನು ಮರಳಿ ಬರಲು ಬಿಡುವುದಿಲ್ಲ. ಮುಂದಿನ ಬಸುರು ಆ ಬರಿದಾದ ಮೈಯಲ್ಲೇ ನಿಲ್ಲುತ್ತದೆ.

ನಮಗೆ ಸೇರಬೇಕಾದ್ದು

2013ರ ಆಹಾರ ಭದ್ರತಾ ಕಾಯಿದೆ ಬಸುರಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯಿಂದ ಪುಕ್ಕಟೆ ಊಟದ ಹಕ್ಕು ಕೊಟ್ಟಿದೆ. ಇದು ಭಿಕ್ಷೆಯಲ್ಲ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾದಾಗ ಬಸುರಿ ಅಂಗನವಾಡಿಗೇ ಬಂದು ಬಿಸಿಯೂಟ ಉಣ್ಣಬೇಕು ಎಂದು ಮಾಡಿದರು. ಯಾಕೆ ಗೊತ್ತೇ? ಮನೆಗೆ ಕೊಟ್ಟ ಕಾಳು ಬೆಲ್ಲ ಮನೆಮಂದಿಯೆಲ್ಲ ತಿಂದು ಅವಳ ಬಾಯಿಗೆ ಬೀಳುತ್ತಿರಲಿಲ್ಲ. ಸರ್ಕಾರಕ್ಕೂ ಆ ಬಸಿದ ನೀರಿನ ಕಥೆ ಗೊತ್ತಿತ್ತು ಎಂದಾಯಿತು. ಆಗ ಎಷ್ಟು ಮನೆಗಳು ಏನಂದವು? ‘ನಮ್ಮ ಸೊಸೆ ಬೀದಿಯಲ್ಲಿ ಕೂತು ಉಣ್ಣೋದಾ?’ ‘ಆ ಜಾತಿಯವರು ಮಾಡಿದ್ದನ್ನು ತಿನ್ನೋದಾ?’ ಮನೆಯಲ್ಲಿ ಬಡಿಸದ ಮಾನ, ಹೊರಗೆ ಉಂಡರೆ ಹೋಗುತ್ತದೆಯಂತೆ!

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆ. ಟಿಕೇಟಿಗೆ ಗಂಡನ ಜೇಬು ನೋಡಬೇಕಿಲ್ಲ. 2023ರಲ್ಲೇ ಗೃಹಲಕ್ಷ್ಮಿಯ 2000 ರೂಪಾಯಿ ಬಂತು. ಆದರೆ ಅದು ರೇಷನ್ ಕಾರ್ಡಿನ ಯಜಮಾನಿಗೆ. ಕೂಡು ಮನೆಯಲ್ಲಿ ಯಜಮಾನಿ ಎಂದರೆ ಅತ್ತೆ. ಆದ್ದರಿಂದ ಅತ್ತೆಯಂದಿರೇ, ನಿಮ್ಮನ್ನು ನೇರವಾಗಿಯೇ ಕೇಳುತ್ತೇನೆ: ಆ ಹಣದಲ್ಲಿ ತಿಂಗಳಿಗೆ ಮೂವತ್ತು ಮೊಟ್ಟೆ, ಎರಡು ಕಿಲೋ ಕಾಳು ಸೊಸೆಯ ಹೆಸರಿನಲ್ಲಿ ಬರಬಾರದೇ? ನೀವೂ ಒಂದು ಕಾಲದಲ್ಲಿ ಕೊನೆಯಲ್ಲಿ ಉಂಡವರೇ.

ಸಂಘದ ಪುಸ್ತಕ ತೆಗೆದು ನೋಡಿ

ಬೇರೆಯವರನ್ನು ಬೈದದ್ದಾಯಿತು. ಈಗ ನಮ್ಮ ಲೆಕ್ಕ. ನಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿದೆವು. ಕುಬುಸಕ್ಕೆ ಸಾಲ ಇದೆ. ಮಗಳ ಮದುವೆಗೆ, ಅಂದರೆ ಬೇರೆ ಹೆಸರಿನಲ್ಲಿ ವರದಕ್ಷಿಣೆಗೆ, ಸಾಲ ಇದೆ. ಗಂಡನ ಬೈಕಿಗೂ ಸಾಲ ಇದೆ. ಬಸುರಿಯ ಊಟಕ್ಕೆ ಒಂದು ರೂಪಾಯಿ ಇಲ್ಲ! ನಾವು ಹೆಂಗಸರೇ ಕೂಡಿಟ್ಟ ಹಣ, ನಾವೇ ಸಹಿ ಹಾಕಿ ಕೊಟ್ಟ ಸಾಲ.

ಆ ವಾರದ ಸಭೆಯಲ್ಲಿ ಆ ಹುಡುಗಿಯ ಕಾರ್ಡು ಓದಿದೆವು. ಅವಳ ಅತ್ತೆ ಅಲ್ಲೇ ಕೂತಿದ್ದರು, ಸಿಟ್ಟು ಬಂತು. “ನಾನೂ ಹೀಗೇ ತಿಂದೆ, ಐದು ಹೆತ್ತೆ. ಸತ್ತೆನಾ?” ಅಂದರು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬರು ಮೆಲ್ಲಗೆ ಅಂದರು, “ನೀನು ಸಾಯಲಿಲ್ಲ ಕಣವ್ವ. ಐದರಲ್ಲಿ ಎರಡು ಹೋದವಲ್ಲ.” ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಆ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾರನೇ ದಿನದಿಂದ ಆ ಮನೆಯಲ್ಲಿ ಪಲ್ಯ ಮೊದಲು ಸೊಸೆಯ ತಟ್ಟೆಗೆ ಬಿತ್ತು. ಮಗ ಗೊಣಗಿದ್ದಕ್ಕೆ “ನಿನ್ನ ಅಣ್ಣ ಬದುಕಿದ್ದಿದ್ದರೆ ಕೇಳು” ಅಂದರಂತೆ. ಆಸ್ಪತ್ರೆಯಲ್ಲಿ ನರದ ಮೂಲಕವೂ ಕಬ್ಬಿಣಾಂಶ ಹಾಕಿಸಿದೆವು. ಹೆರಿಗೆಯ ಹೊತ್ತಿಗೆ ಲೆಕ್ಕ 9.6 ಮುಟ್ಟಿತು. ಹನ್ನೊಂದು ಆಗಲಿಲ್ಲ. ತಡವಾಗಿ ಶುರು ಮಾಡಿದ್ದೆವು. ತಾಯಿ ಮಗು ಮನೆಗೆ ಬಂದರು.

ಎಲ್ಲ ಮನೆಯಲ್ಲೂ ಮಾತಿನಿಂದ ಆಗುವುದಿಲ್ಲ. ಬೇಕೆಂದೇ ಉಪವಾಸ ಕೆಡವುವ, ತವರಿನಿಂದ ಹಣ ತಂದರೆ ಮಾತ್ರ ಆಸ್ಪತ್ರೆ ಎನ್ನುವ ಮನೆಗಳಿವೆ. ಅಲ್ಲಿಗೆ ಕಾನೂನೇ ಹೋಗಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ರಕ್ಷಣಾಧಿಕಾರಿ. ಅಂಗನವಾಡಿ ನೋಡಿಕೊಳ್ಳುವವರೂ ಅವರೇ, ದೂರು ಬರೆದುಕೊಳ್ಳಬೇಕಾದವರೂ ಅವರೇ. ತಾಯಿ ಕಾರ್ಡಿನ ಅಂಕಿಯನ್ನೇ ಸಾಕ್ಷಿಯಾಗಿ ಹಿಡಿದು ಹೋಗಿ. 181ಕ್ಕೆ ಫೋನು ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ.

ನಾವು ನಮ್ಮ ಸಂಘದಲ್ಲಿ ನಾಲ್ಕು ನಿರ್ಣಯ ಬರೆದುಕೊಂಡಿದ್ದೇವೆ. ನೀವೂ ಚರ್ಚಿಸಿ, ಬೇಕಾದ ಹಾಗೆ ತಿದ್ದಿಕೊಳ್ಳಿ.

ಒಂದು, ಕುಬುಸದ ಆಡಂಬರಕ್ಕೆ, ವರದಕ್ಷಿಣೆಗೆ ಸಂಘದ ಸಾಲ ಇಲ್ಲ. ಬಸುರಿಯ ಊಟಕ್ಕೆ, ಆಸ್ಪತ್ರೆಗೆ ಬಡ್ಡಿಯಿಲ್ಲದ ಸಾಲ.

ಎರಡು, ಸದಸ್ಯೆಯರ ಮನೆಯಲ್ಲಿ ಬಸುರಿ ಎಲ್ಲರಿಗಿಂತ ಮೊದಲು ಅಥವಾ ಎಲ್ಲರ ಜೊತೆ ಉಣ್ಣಬೇಕು. ಉಳಿದದ್ದು ಅವಳಿಗೆ ಎಂಬ ಮಾತಿಲ್ಲ.

ಮೂರು, ಹುಡುಗಿ ಗಂಡನ ಮನೆಯಿಂದ ತವರಿಗೆ ಹೋಗುವಾಗ ಬಾಗಿನದ ಜೊತೆ ತಾಯಿ ಕಾರ್ಡು, ಗುಳಿಗೆ ಹೋಗಬೇಕು. ಆ ಊರಿನ ಸಂಘಕ್ಕೆ ನಾವೇ ಸುದ್ದಿ ಮುಟ್ಟಿಸುತ್ತೇವೆ. ಖರ್ಚು ಎರಡೂ ಮನೆಯದ್ದು.

ನಾಲ್ಕು, ಹದಿನೆಂಟಕ್ಕೆ ಮುಂಚೆ ಯಾವ ಹುಡುಗಿಯ ಮದುವೆಗೂ ನಾವು ಊಟಕ್ಕೆ ಹೋಗುವುದಿಲ್ಲ, ತಡೆಯಲು ಹೋಗುತ್ತೇವೆ. ತನ್ನ ಮೈಯೇ ಬೆಳೆಯದ ಹುಡುಗಿ ಇನ್ನೊಂದು ಜೀವಕ್ಕೆ ರಕ್ತ ಎಲ್ಲಿಂದ ತರುತ್ತಾಳೆ?

ಮುಂದಿನ ಸಭೆಗೆ ಬರುವಾಗ ಉಳಿತಾಯದ ಪುಸ್ತಕದ ಜೊತೆ ನಿಮ್ಮ ಸೊಸೆಯ, ಮಗಳ ತಾಯಿ ಕಾರ್ಡನ್ನೂ ತನ್ನಿ. ಹಣದ ಲೆಕ್ಕ ಓದುವ ಮೊದಲು ರಕ್ತದ ಲೆಕ್ಕ ಓದೋಣ.